ಭಾವನ ಸೊನ್ನೆ

ನಮ್ಮ ಲ್ಯಾಬಿನಲ್ಲಿ ತಯಾರಾಗುವುದು ಕಡ್ಡಿಗಳು. ಕಣ್ಣಿಗೆ ಕಾಣುವಂಥವಲ್ಲ, ಕಡ್ಡಿಯ ಉದ್ದವೇ ಒಂದು ಕೂದಲಿನ ದಪ್ಪದಷ್ಟು. ಒಂದು ತುದಿ ಬಿಗಿದಿರುತ್ತದೆ, ಇನ್ನೊಂದು ಈಜುಕೊಳದ ಹಲಗೆಯ ಹಾಗೆ ಚಾಚಿರುತ್ತದೆ. ಮೈಗೆ ಒಂದು ಲೇಪ. ರಕ್ತದ ಹನಿಯಲ್ಲಿ ಲಿವರ್ ಕ್ಯಾನ್ಸರಿನ ಅಣುಗಳಿದ್ದರೆ ಅವು ಲೇಪಕ್ಕೆ ಅಂಟುತ್ತವೆ, ಕಡ್ಡಿ ಬಾಗುತ್ತದೆ.

ಬಾಗಿದ್ದನ್ನು ಅಳೆಯಲು ಒಂದು ಸೊನ್ನೆ ಬೇಕಲ್ಲ? ಆರೋಗ್ಯವಂತನ ರಕ್ತಕ್ಕೆ ಕಡ್ಡಿ ಎಲ್ಲಿ ನಿಲ್ಲುತ್ತದೋ ಅದೇ ಸೊನ್ನೆ. ನಮ್ಮ ಸ್ಟೋರ್ ನೋಡಿಕೊಳ್ಳುವವರು ನನ್ನ ಅಕ್ಕನ ಗಂಡ. ಗುಂಡುಕಲ್ಲಿನ ಹಾಗಿದ್ದರು, ಗ್ಯಾಸ್ ಸಿಲಿಂಡರನ್ನು ಒಬ್ಬರೇ ಎತ್ತಿಡುತ್ತಿದ್ದರು. ನಾನು ಕೇಳಿದ್ದೇ ತಡ, ತೋಳು ಚಾಚಿದರು.

"ತಗೊಳ್ಳಮ್ಮ, ಅಪ್ಪಟ ಸರಕು. ನಿನ್ನಕ್ಕ ಕುಡಿದು ಉಳಿಸಿದ್ದು."

ಅವರ ರಕ್ತಕ್ಕೆ ಕಡ್ಡಿ ತುಸು ಬಾಗಿತು. ನಾನು ಹೇಳಿದೆ. ನಮ್ಮ ಹಿರಿಯ ವಿಜ್ಞಾನಿಗಳು ತಲೆ ಎತ್ತಲೂ ಇಲ್ಲ.

"ಲೇಪದ ಭಾರಕ್ಕೆ ಬಾಗಿರತ್ತೆ. ಅದನ್ನೇ ಸೊನ್ನೆ ಅಂತ ಇಟ್ಬಿಡಿ."

ಅಲ್ಲಿಂದ ಶುರುವಾಯಿತು ಕಾಟ. ಆಸ್ಪತ್ರೆ ಕಳಿಸಿದ ಆರೋಗ್ಯವಂತರ ರಕ್ತವೆಲ್ಲ ಸೊನ್ನೆಗಿಂತ ಕೆಳಗೆ! ಇಲ್ಲದ ಕಾಯಿಲೆಗಿಂತ ಕಮ್ಮಿ ಕಾಯಿಲೆ ಎಂದರೇನು? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾವು ಲೇಪ ಬದಲಿಸಿದೆವು, ಬಾಗನ್ನು ಅಳೆಯುವ ಲೇಸರ್ ಬದಲಿಸಿದೆವು, ಕರೆಂಟನ್ನು ಬೈದೆವು. ಪ್ರತಿ ಸಲವೂ ಸೊನ್ನೆಗೆ ಭಾವನ ರಕ್ತವೇ. ಚಳಿಗಾಲ ಕಳೆದು ಬೇಸಿಗೆ ಬಂತು. ಭಾವ ಸಡಿಲವಾದ ಬೆಲ್ಟಿಗೆ ಹೊಸ ತೂತು ಹೊಡೆದುಕೊಂಡು, "ನಿನ್ನಕ್ಕನ ಅಡುಗೆಯ ಪ್ರಭಾವ" ಎಂದರು. ನಾನೂ ನಕ್ಕೆ.

ಇವತ್ತು ಬೆಳಿಗ್ಗೆ ಅವರು ಮಗಳ ಶಾಲೆಗೆ ಹೋಗಿದ್ದರು. ಕಾಯಲು ಬೇಸರವಾಗಿ ಸೊನ್ನೆಗೆ ನನ್ನ ರಕ್ತವನ್ನೇ ಹಾಕಿದೆ. ಕಡ್ಡಿ ನೆಟ್ಟಗೆ ನಿಂತಿತು. ಆಸ್ಪತ್ರೆಯ ಮಾದರಿಗಳೂ ಒಂದೊಂದಾಗಿ ಸೊನ್ನೆಗೇ ಬಂದವು. ಎಲ್ಲರೂ ಚಪ್ಪಾಳೆ ಹೊಡೆದರು.

ಆಮೇಲೆ, ಸುಮ್ಮನಿರಲಾರದೆ, ಫ್ರಿಜ್ಜಿನಲ್ಲಿದ್ದ ಭಾವನ ರಕ್ತ ಹಾಕಿ ನೋಡಿದೆ. ಚಳಿಗಾಲದ್ದಕ್ಕೆ ಕಡ್ಡಿ ತುಸು ಬಾಗಿತು. ಹೋದ ವಾರದ್ದಕ್ಕೆ ಪೂರ್ತಿ ಬಾಗಿತು. ಹಿರಿಯ ವಿಜ್ಞಾನಿಗಳನ್ನು ಕರೆದು ತೋರಿಸಿದೆ.

ಹಿರಿಯರು ಕನ್ನಡಕ ಒರೆಸಿಕೊಂಡು, "ಇನ್ನೊಂದ್ಸಲ ನೋಡೋಣ" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ತಿಂಗಳು ನೋಡಿದ್ದು ಇದನ್ನೇ ಅಲ್ಲವೇ?

ಮಧ್ಯಾಹ್ನ ಭಾವ ಬಂದರು. ಚಪ್ಪಾಳೆಯ ಸುದ್ದಿ ಅವರಿಗೆ ಗೇಟಿನಲ್ಲೇ ಸಿಕ್ಕಿತ್ತು, ಮುಖ ಅರಳಿತ್ತು. ಅವರ ಕಣ್ಣಿನ ಬಿಳಿ ಹಳದಿಗೆ ತಿರುಗಿದ್ದು ನನಗೆ ಕಂಡದ್ದು ಆಗಲೇ.

"ಅಂತೂ ಕಡ್ಡಿ ರಿಪೇರಿ ಆಯ್ತಂತೆ! ಏನಾಗಿತ್ತಮ್ಮ ಅದಕ್ಕೆ?"

"ಅದಕ್ಕೇನೂ ಆಗಿರ್ಲಿಲ್ಲ ಭಾವ," ಎಂದೆ. "ಕೂತ್ಕೊಳ್ಳಿ."