ಆವು, ಆಯ್ತು, ಡನ್

ಎಪ್ಪತ್ತೆಂಟು ಖಾಲಿ ಸೀಟುಗಳನ್ನು ಎಲ್ಲಿ ಬಚ್ಚಿಡುವುದೆಂದು ವಾರಿಜಾಕ್ಷಿಗೆ ತಿಳಿಯಲಿಲ್ಲ. ಬೆಳಿಗ್ಗೆ ಎಂಟೂವರೆಯಿಂದ ಅವುಗಳನ್ನು ಒಂದು ಕಾಲಮಿನಿಂದ ಇನ್ನೊಂದಕ್ಕೆ ತಳ್ಳುತ್ತಿದ್ದಳು. ಎಲ್ಲಿಗೆ ತಳ್ಳಿದರೂ ಕಂಪ್ಯೂಟರಿನ ಲೆಕ್ಕದ ಶೀಟಿನ ಕೊನೆಯ ಸಾಲು ಕೆಂಪಾಗಿಯೇ ಉಳಿಯುತ್ತಿತ್ತು.

ಶೀಟು ಅವಳದ್ದೇ. ಮೂರು ವರ್ಷದ ಹಿಂದೆ, ಯುರೋಪಿನ ಮುಖ್ಯ ಕಚೇರಿಯವರು ಕೇಳಿದರೆಂದು ಅವಳೇ ಕೂತು ಕಟ್ಟಿದ್ದು. ಅವಳು ದುಬೈಯಲ್ಲಿ ಕೆಲಸಕ್ಕಿದ್ದ, ದೊಡ್ಡದೂ ಅಲ್ಲದ ಚಿಕ್ಕದೂ ಅಲ್ಲದ ಆ ವಿಮಾನ ಕಂಪನಿ ತನ್ನ ಒಂಬತ್ತು ಹಳೆಯ ಅಗಲ ವಿಮಾನಗಳನ್ನು ಮಾರಿ, ಹದಿನಾಲ್ಕು ಹೊಸ ಸಪೂರ ವಿಮಾನಗಳನ್ನು ತರಿಸುತ್ತಿತ್ತು. ಹಳೆಯದರಲ್ಲಿ ಇನ್ನೂರ ಅರವತ್ತೆರಡು ಸೀಟು, ಹೊಸದರಲ್ಲಿ ನೂರ ಎಂಬತ್ತನಾಲ್ಕು. ಹೊಸದು ಕಡಿಮೆ ಎಣ್ಣೆ ಕುಡಿದು ಅಷ್ಟೇ ದೂರ ಹಾರುತ್ತದೆ. ಯಾವುದು ಯಾವ ಊರಿಗೆ ಹಾರಿದರೆ ಎಷ್ಟು ಸಿಗುತ್ತದೆ ಎಂದು ಹೇಳುವುದು ಶೀಟಿನ ಕೆಲಸ. ಮುಖ್ಯ ಕಚೇರಿಯಲ್ಲಿ ಅದಕ್ಕೆ ‘ವಾರಿ ಮಾಡೆಲ್’ ಎಂದು ಹೆಸರು ಬಿದ್ದಿತ್ತು. ಹಾಗೆ ಕರೆದಾಗಲೆಲ್ಲ ಅವಳಿಗೆ ಒಳಗೊಳಗೇ ಹಿಗ್ಗು. ವಾರಿ ಮಾಡೆಲ್ ಈಗ ದುಬೈ ಬೇಡ ಎನ್ನುತ್ತಿತ್ತು.

ಹಳೆಯ ವಿಮಾನ ದುಬೈಯಿಂದ ದಿನಾ ಎಪ್ಪತ್ತೆಂಟು ಸೀಟು ಖಾಲಿ ಇಟ್ಟುಕೊಂಡು ಏಳುತ್ತಿತ್ತು. ಅದು ನಷ್ಟ. ಹೊಸದನ್ನು ಹಾಕಿದರೆ ಖಾಲಿ ಸೀಟಿನ ಮಾತೇ ಇಲ್ಲ, ಲಾಭ. ಆದರೆ ಅದೇ ಹೊಸದನ್ನು ಬೇರೆ ಯಾವ ಊರಿಗೆ ಹಾರಿಸಿದರೂ ಇನ್ನಷ್ಟು ಲಾಭ. ದುಬೈಯ ಪ್ರಯಾಣಿಕರನ್ನು ಅಬುಧಾಬಿಯ ಒಂದು ಪಾಲುದಾರ ಕಂಪನಿಗೆ ಒಪ್ಪಿಸಿ, ಟಿಕೆಟಿನ ಮೇಲೆ ತನ್ನ ಹೆಸರನ್ನಷ್ಟೇ ಉಳಿಸಿಕೊಂಡರೆ ಎಲ್ಲಕ್ಕಿಂತ ಲಾಭ. ಆಗ ದುಬೈಯ ನೈಫ್ ಬೀದಿಯ ಈ ಕಚೇರಿ ಬೇಡ. ಕಚೇರಿಯ ಹನ್ನೊಂದು ಮಂದಿ ಬೇಡ.

ನಷ್ಟ ಎಂದಿದ್ದರೆ ಜಗಳಾಡಬಹುದಿತ್ತು. ಲಾಭ ಸಾಲದು ಎನ್ನುವವರ ಹತ್ತಿರ ಯಾವ ಬಾಯಿಯಲ್ಲಿ ಜಗಳಾಡುವುದು?

ಹನ್ನೊಂದು ಮಂದಿಯಲ್ಲಿ ಅವಳು ಎಷ್ಟನೆಯವಳೆಂದು ಶೀಟಿನಲ್ಲಿ ಇರಲಿಲ್ಲ. ‘ಸ್ಟೇಷನ್ ವೆಚ್ಚ’ ಎಂಬ ಒಂದೇ ಚೌಕದೊಳಗೆ ಎಲ್ಲರೂ ಇದ್ದರು. ಆ ಚೌಕ ಮಾಡಿದ ದಿನ, ಕೆಲಸ ಅಚ್ಚುಕಟ್ಟಾಯಿತು ಎಂದು ಅವಳಿಗೆ ಅನ್ನಿಸಿತ್ತು.

ಬೆಳಿಗ್ಗೆ ಹೊರಡುವಾಗ ಗಂಡ ಗುಣಪಾಲ ಬುತ್ತಿಯ ಮುಚ್ಚಳ ಹಾಕುತ್ತಾ ಕೇಳಿದ್ದ.

‘ಪೇಪರ್ ಕೊಡ್ಲಾ, ಬೇಡ್ವಾ?’

ಬರ್ ದುಬೈಯಲ್ಲಿ ಅವನು ಕೆಲಸಕ್ಕಿದ್ದ ಜವಳಿ ಅಂಗಡಿ ಮುಚ್ಚಿ ಇಪ್ಪತ್ತು ತಿಂಗಳಾಗಿತ್ತು. ಅಂದಿನಿಂದ ಅವನ ವೀಸಾ, ಮಗಳು ಸಮೀಕ್ಷಾಳ ವೀಸಾ, ಎರಡೂ ವಾರಿಜಾಕ್ಷಿಯ ಕೆಲಸದ ಬೆನ್ನಿಗೆ ಕಟ್ಟಿಕೊಂಡಿದ್ದವು. ಎರಡರ ಅವಧಿಯೂ ಮುಂದಿನ ವಾರ ಮುಗಿಯುತ್ತಿತ್ತು. ಅವಳ ಕೆಲಸ ಉಳಿಯುವುದಾದರೆ ಇಂದೇ ಟೈಪಿಂಗ್ ಸೆಂಟರಿನಲ್ಲಿ ಅರ್ಜಿ ತುಂಬಿಸಿ ಕೊಡಬೇಕು. ಉಳಿಯದಿದ್ದರೆ ಅರ್ಜಿಯಲ್ಲ, ಪೆಟ್ಟಿಗೆ ಕಟ್ಟಬೇಕು.

‘ನಮ್ಮ ನಾಲ್ಕು ಗಂಟೆಗೆ ಅಲ್ಲಿ ಬೋರ್ಡ್ ಮೀಟಿಂಗ್. ಮುಗಿದ ಕೂಡ್ಲೇ ಹೇಳ್ತೇನೆ.’

‘ನಾನು ಟೈಪಿಂಗ್ ಸೆಂಟರಿನಲ್ಲೇ ಕೂತಿರ್ತೇನೆ. ಆರೂವರೆಗೆ ಮುಚ್ತಾರೆ ಅವ್ರು. ನೀನು ಹೇಳಿದ ಹಾಗೆ.’

ನೀನು ಹೇಳಿದ ಹಾಗೆ. ಇಪ್ಪತ್ತು ತಿಂಗಳಲ್ಲಿ ಅವನ ದನಿ ರಜೆ ಕೇಳುವವರ ದನಿಯಾಗಿತ್ತು. ಅದು ಅವಳಿಗೆ ಹಿಡಿಸುತ್ತಿರಲಿಲ್ಲ. ಹಿಡಿಸುವುದಿಲ್ಲ ಎಂದು ಹೇಳಿದರೆ ಅದಕ್ಕೂ ಅವನು ಸರಿ ಎನ್ನುತ್ತಿದ್ದ.

ಸಮೀಕ್ಷಾಳ ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಇನ್ನು ಮೂರು ವಾರ. ವಾರಿಜಾಕ್ಷಿ ಕಿತ್ತಳೆ ಸುಲಿದು, ಬಿಳಿಯ ನಾರು ತೆಗೆದು, ತೊಳೆಗಳನ್ನು ಮಗಳ ಪುಸ್ತಕದ ಪಕ್ಕ ಸಾಲಾಗಿ ಇಟ್ಟಿದ್ದಳು. ಮಗಳು ತಲೆ ಎತ್ತದೆ ಒಂದೊಂದನ್ನೇ ಬಾಯಿಗೆ ಹಾಕಿಕೊಂಡಳು.

‘ಮಾ, ವಾಟೆವರ್ ಇಟ್ ಈಸ್, ಟೆಲ್ ಮಿ ಆಫ್ಟರ್ ಮೈ ಎಕ್ಸಾಮ್ಸ್.’

ಅಷ್ಟು ಸಲೀಸಾಗಿ ಅವಳು ತಾಯಿಯನ್ನು ಮುಂದಿನ ತಿಂಗಳ ಕಾಲಮಿಗೆ ತಳ್ಳಿದ್ದಳು. ಕಲಿಸಿದವರು ಯಾರೆಂದು ವಾರಿಜಾಕ್ಷಿಗೆ ಗೊತ್ತಿತ್ತು.

ಹನ್ನೊಂದು ನಲವತ್ತಕ್ಕೆ ಸೆಡ್ರಿಕ್‌ನ ಸಂದೇಶ ಬಂತು. ಯಾವ ವಿಮಾನ ಎಲ್ಲಿಗೆ ಎಂದು ಮುಖ್ಯ ಕಚೇರಿಯಲ್ಲಿ ತೀರ್ಮಾನಿಸುವ ವಿಭಾಗಕ್ಕೆ ಅವನೇ ಮುಖ್ಯಸ್ಥ. ದುಬೈಯ ಸ್ಲಾಟುಗಳನ್ನು ಬಿಟ್ಟುಕೊಡುವ ಪತ್ರ ಇಂದೇ, ಬೋರ್ಡ್ ಸೇರುವ ಮೊದಲೇ ಹೋಗಿಬಿಡಲಿ, ಜನವರಿ ದಾಟಿದರೆ ದಂಡ ಬೀಳುತ್ತದೆ ಎಂದು ಬರೆದಿದ್ದ. ಸ್ಲಾಟ್ ಎಂದರೆ ಇಂಥ ದಿನ ಇಂಥ ನಿಮಿಷಕ್ಕೆ ಇಳಿಯಿರಿ, ಇಂಥ ನಿಮಿಷಕ್ಕೆ ಏಳಿರಿ ಎಂದು ವಿಮಾನ ನಿಲ್ದಾಣ ಕೊಡುವ ಹೊತ್ತು. ಬಿಟ್ಟರೆ, ಕಾದು ನಿಂತ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಮತ್ತೆ ಸಿಗುವುದಿಲ್ಲ. ಹತ್ತು ವರ್ಷದಿಂದ ಇಂಥ ಪತ್ರಗಳು ಅವಳ ಹೆಸರಿನಲ್ಲೇ ಹೋಗುತ್ತಿದ್ದವು.

‘ಡನ್’ ಎಂದು ಉತ್ತರ ಬರೆದಳು.

ಮನಸ್ಸಿನಲ್ಲಿ ಎದ್ದದ್ದು ತುಳು: ಆವು. ಆವು ಎಂದರೆ ಆದೀತು. ನೋಡುವಾ, ಅವಸರ ಎಂತದು ಎಂಬಷ್ಟು ಜಾಗ ಆ ಮಾತಿನೊಳಗೆ ಇರುತ್ತದೆ. ಕನ್ನಡಕ್ಕೆ ಬರುವಾಗ ಅದು ಆಯ್ತು. ಆಯ್ತು ಎನ್ನುವುದು ಎದುರಿನವರ ಮಾತು ನಿಲ್ಲಿಸಲಿಕ್ಕೆ, ಕೆಲಸ ಇನ್ನೂ ಶುರುವೇ ಆಗಿರುವುದಿಲ್ಲ. ಅಲ್ಲಿಂದ ಇಂಗ್ಲಿಷಿಗೆ ಕಾಲಿಟ್ಟರೆ ಡನ್. ಹತ್ತೊಂಬತ್ತು ವರ್ಷದಿಂದ ಅವಳು ಹೀಗೆ ಡನ್ ಎಂದು ಬರೆದು, ಆಮೇಲೆ ನಿಧಾನಕ್ಕೆ ಕೆಲಸ ಮುಗಿಸುತ್ತಿದ್ದಳು. ಯಾರಿಗೂ ತೊಂದರೆಯಾಗಿರಲಿಲ್ಲ. ಇಂದು ಮುಗಿಸುವ ಮನಸ್ಸಿರಲಿಲ್ಲ, ಅಷ್ಟೇ.

ಪತ್ರ ಸಿದ್ಧವಾಗಿತ್ತು. ಕಳಿಸದೆ ಇಟ್ಟುಕೊಂಡದ್ದು ಅಬ್ದುಲ್ ರವೂಫ್‌ನಿಂದಾಗಿ.

ರವೂಫ್ ಕೆಳಗಿನ ಟಿಕೆಟ್ ಕೌಂಟರಿನವನು. ಉಳ್ಳಾಲದ ಬ್ಯಾರಿ, ಅಣ್ಣನೆಂಬಂತೆ ಅವಳು ರವೂಫಾಕ ಎನ್ನುತ್ತಿದ್ದಳು. ಇಪ್ಪತ್ತನಾಲ್ಕು ವರ್ಷದಿಂದ ಅದೇ ಕುರ್ಚಿ. ಬನಿಯಾಸ್‌ನ ಒಂದು ಕಂಪನಿ ಯುರೋಪಿನ ಹಡಗುಕಟ್ಟೆಗೆ ವೆಲ್ಡರುಗಳನ್ನು ಕಳಿಸಲಿತ್ತು, ವಾರಕ್ಕೆ ಇನ್ನೂರು ಮಂದಿ, ಇಡೀ ಸೀಸನ್, ಅಂದರೆ ಏಳು ತಿಂಗಳು. ಒಂದು ತಿಂಗಳು ಅವರ ಬೆನ್ನು ಹತ್ತಿ, ಎಲ್ಲರನ್ನೂ ಈ ವಿಮಾನದಲ್ಲೇ ಕಳಿಸುವಂತೆ ಅವನು ಒಪ್ಪಿಸಿದ್ದ. ಲಿಖಿತ ಒಪ್ಪಿಗೆ ಸಂಜೆಯೊಳಗೆ ಬರುವುದಿತ್ತು.

ಊಟದ ಹೊತ್ತಿಗೆ ಮೇಲೆ ಬಂದು ಬಾಗಿಲಲ್ಲೇ ನಿಂತ.

‘ಮೇಡಂ, ಅದನ್ನು ಕಳಿಸ್ಲಿಲ್ಲ ಅಲ್ವಾ?’

‘ಯಾವುದನ್ನು?’

‘ಅದೇ.’

‘ನೋಡುವಾ ರವೂಫಾಕ.’

‘ನೋಡುವಾ ಅಂದ್ರೆ ಕಳಿಸ್ಲಿಲ್ಲ. ಒಂದು ಸೀಸನ್ ಸಿಕ್ಕಿದ್ರೆ ಸಾಕು ಮಾರಾಯ್ರೆ. ನಾನು ಹೇಗೂ ಗುಜರಿಗೆ ಹೋಗುವ ಗಾಡಿ. ನೀವು ಹೊಸ ಮಾಡೆಲ್, ನಿಮ್ಮನ್ನು ಯಾರಾದ್ರೂ ತಕೊಳ್ತಾರೆ.’

ಅವಳು ನಕ್ಕಳು. ಅವನು ಹೋದ ಮೇಲೆ, ನಲವತ್ತಾರು ವರ್ಷದ ಹೊಸ ಮಾಡೆಲ್ ಅನ್ನು ಮನಸ್ಸು ತಾನಾಗಿಯೇ ಶೀಟಿಗೆ ಹಾಕಿ ನೋಡಿತು. ಕೊನೆಯ ಸಾಲಿನ ತನಕ ಹೋಗಲಿಲ್ಲ.

ಇನ್ನೂರು ವೆಲ್ಡರುಗಳನ್ನು ಸೇರಿಸಿದಳು. ಕೆಂಪು ಹಸಿರಾಗಲಿಲ್ಲ, ಆದರೆ ತೆಳುವಾಯಿತು. ಹಳೆಯ ವಿಮಾನವನ್ನೇ ಇನ್ನೊಂದು ಸೀಸನ್ ಹಾರಿಸಬಹುದು ಎಂದು ಒಂದು ಪುಟ ಬರೆದು, ಬೋರ್ಡಿನ ಮುಂದಿಡಲು ಎರಡು ಗಂಟೆಗೆ ಸೆಡ್ರಿಕ್‌ಗೆ ಕಳಿಸಿದಳು. ಅವನು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ. ಅವಳಿಗೆ ಅಷ್ಟೇ ಸಾಕಾಯಿತು. ಸ್ಲಾಟು ಕೈಯಲ್ಲಿದೆ, ಪ್ರಯಾಣಿಕರು ಬರುತ್ತಿದ್ದಾರೆ. ಬೋರ್ಡು ಒಂದು ಸೀಸನ್ ಕೊಟ್ಟರೆ ಸಮೀಕ್ಷಾ ಪರೀಕ್ಷೆ ಬರೆಯುತ್ತಾಳೆ, ಗುಣಪಾಲ ಅರ್ಜಿ ಕೊಡುತ್ತಾನೆ. ಬುತ್ತಿ ಬಿಚ್ಚಿದಳು. ನೀರ್‌ದೋಸೆ ತಣ್ಣಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಬಿಡಿಸಲು ಹೋಗದೆ ಹಾಗೆಯೇ ತಿಂದಳು.

ಐದು ದಾಟಿದ ಮೇಲೆ ಸೆಡ್ರಿಕ್ ತೆರೆಯ ಮೇಲೆ ಬಂದ. ಟೈ ಸಡಿಲಿಸಿದ್ದ, ಹಗುರವಾಗಿದ್ದ. ಒಂದು ಗಂಟೆಯ ಸಭೆಯಲ್ಲಿ ಐವತ್ತು ನಿಮಿಷ ಹೊಸ ವಿಮಾನದ ಬಣ್ಣ, ಸೀಟಿನ ಬಟ್ಟೆ ನೋಡಿದರಂತೆ. ದುಬೈಗೆ ಏಳು ನಿಮಿಷ. ಬೋರ್ಡಿನಲ್ಲಿ ಹನಾ ಎಂಬ ಹಿರಿಯ ಹೆಂಗಸು ವಾರಿಜಾಕ್ಷಿಯ ಪುಟವನ್ನು ನಿಜವಾಗಿ ಓದಿದ್ದರಂತೆ. ಸ್ಲಾಟು ಇನ್ನೂ ನಮ್ಮಲ್ಲೇ ಇದ್ದರೆ ಹಳೆಯದನ್ನೇ ಇನ್ನೊಂದು ಸೀಸನ್ ಹಾರಿಸಬಾರದೇಕೆ ಎಂದು ಕೇಳಿದರಂತೆ. ಉಳಿದವರು ತಲೆಯಾಡಿಸಿದರಂತೆ.

‘ನನಗೂ ಬೇಸರವಾಯಿತು ವಾರಿ. ಆದರೆ ಸ್ಲಾಟು ಬೆಳಿಗ್ಗೆಯೇ ವಾಪಸ್ ಹೋಗಿದೆ ಎಂದು ಹೇಳಲೇಬೇಕಾಯಿತು. ವಿಷಯ ಅಲ್ಲಿಗೆ ಮುಗಿಯಿತು.’

‘ಸೆಡ್ರಿಕ್, ಪತ್ರ ಹೋಗಿಲ್ಲ.’

ಅವನ ಮುಖ ನಿಂತುಬಿಟ್ಟಿತು. ಸಂಪರ್ಕ ಕಡಿದುಹೋಯಿತೇನೋ ಎಂದುಕೊಂಡಳು.

‘ನೀನು ಡನ್ ಎಂದು ಬರೆದಿದ್ದೆ.’

‘ಡನ್ ಅಂದರೆ, ಮಾಡುತ್ತೇನೆ ಅಂತ.’

‘ಡನ್ ಅಂದರೆ ಮಾಡಿದ್ದೇನೆ ಅಂತ.’

ಹೌದು. ಆದೀತು ಎಂದು ಹೊರಟದ್ದು ಮೂರು ಭಾಷೆ ದಾಟುವಷ್ಟರಲ್ಲಿ ಆಗಿಹೋಗಿತ್ತು. ಅವಳು ಅದನ್ನು ವಿವರಿಸಲು ಬಾಯಿ ತೆರೆದಳು. ಯಾವ ಭಾಷೆಯಲ್ಲಿ ಎಂದು ತೋಚಲಿಲ್ಲ.

‘ಸ್ಲಾಟು ಈಗಲೂ ನಮ್ಮದೇ. ಹನಾ ಅವರಿಗೆ ಒಂದು ಮಾತು ಹೇಳಿದರೆ...’

‘ಏನು ಹೇಳಲಿ? ನನ್ನ ಇಲಾಖೆಯಲ್ಲಿ ಏನು ನಡೆಯುತ್ತದೆಂದು ನನಗೇ ಗೊತ್ತಿಲ್ಲ ಎಂದೇ?’ ಅವನು ಪಕ್ಕಕ್ಕೆ ನೋಡಿದ. ಕೆಟ್ಟವನಲ್ಲ. ಪ್ರತಿ ಡಿಸೆಂಬರಿನಲ್ಲೂ ಸಮೀಕ್ಷಾಳ ಹೆಸರು ತಪ್ಪಿಲ್ಲದೆ ಬರೆದು ಕಾರ್ಡು ಕಳಿಸುವವನು. ‘ನಡಾವಳಿ ಬರೆದಾಗಿದೆ ವಾರಿ. ದಯವಿಟ್ಟು ಅದನ್ನು ನಿಜ ಮಾಡು.’

ತೆರೆ ಕಪ್ಪಾಯಿತು.

ಹನಾ ಅವರ ವಿಳಾಸ ಅವಳಲ್ಲಿತ್ತು. ಎರಡು ಸಾಲು ಸಾಕಿತ್ತು: ಸ್ಲಾಟು ನಮ್ಮಲ್ಲೇ ಇದೆ, ತಪ್ಪು ನನ್ನದು. ಮೊದಲ ಸಾಲು ಬರೆದಳು. ಎರಡನೆಯದನ್ನು ಬರೆದು, ಅಳಿಸಿ, ಮತ್ತೆ ಬರೆದಳು. ಹತ್ತೊಂಬತ್ತು ವರ್ಷದ ಎಲ್ಲ ಡನ್‌ಗಳನ್ನೂ ಯಾರೋ ಈಗ ಒಂದೊಂದಾಗಿ ತೆರೆದು ನೋಡುವಂತೆ ಅನ್ನಿಸಿತು. ಆ ಅಳುಕಿನ ಅಡಿಯಲ್ಲಿ ಇನ್ನೊಂದು ಅನಿಸಿಕೆಯಿತ್ತು, ಅದನ್ನು ಅವಳು ಯಾರಿಗೂ ಹೇಳುವವಳಲ್ಲ. ಶೀಟು ಮೊದಲೇ ಹೇಳಿತ್ತು. ಶೀಟು ಸುಳ್ಳಾಗಲಿಲ್ಲ. ಕುತ್ತಿಗೆಯವರೆಗೆ ಮುಳುಗಿದ್ದಾಗಲೂ ಅವಳಿಗೆ ಅದರಿಂದ ಸಣ್ಣದೊಂದು ಸಮಾಧಾನವಾಯಿತು.

ಹನಾ ಅವರಿಗೆ ಬರೆದದ್ದನ್ನು ಅಳಿಸಿದಳು. ಸ್ಲಾಟಿನ ಪತ್ರ ತೆರೆದು, ಒಮ್ಮೆ ಓದಿ, ಒಂದು ಅಲ್ಪವಿರಾಮ ಸರಿಪಡಿಸಿ ಕಳಿಸಿದಳು. ಐದು ಐವತ್ತೆರಡು.

ಕೆಳಗೆ ಬಂದಾಗ ಉಳಿದವರು ಮನೆಗೆ ಹೋಗಿಯಾಗಿತ್ತು. ರವೂಫ್ ಕೌಂಟರಿನ ಮೇಲಿದ್ದ ಉದ್ದನೆಯ ಪೆಟ್ಟಿಗೆಯ ಟೇಪು ಕತ್ತರಿಸುತ್ತಿದ್ದ.

‘ಬನಿಯಾಸ್‌ನವ್ರ ಮೇಲ್ ಬಂತು ಮೇಡಂ. ಇನ್ನೂರಲ್ಲ, ಇನ್ನೂರಿಪ್ಪತ್ತು.’

ಅವನು ಕತ್ತರಿ ಕೆಳಗಿಟ್ಟು ಅವಳ ಮುಖ ನೋಡಿದ.

‘ಕಳಿಸಿದ್ರಾ?’

‘ಹೂಂ.’

‘ಯಾವಾಗ?’

‘ಈಗ.’

ರವೂಫ್ ಟೇಪಿನ ತುಂಡನ್ನು ಬೆರಳಿಗೆ ಸುತ್ತಿದ. ಬಿಚ್ಚಿದ. ಆಮೇಲೆ ಪೆಟ್ಟಿಗೆಯನ್ನು ತೆರೆದ. ಬೇರೆ ಮಾಡುವಂಥದ್ದು ಇಬ್ಬರಿಗೂ ಏನೂ ಇರಲಿಲ್ಲ.

ಒಳಗೆ ಹೊಸ ವಿಮಾನವಿತ್ತು. ಒಂದು ಮೊಳಕ್ಕಿಂತ ಉದ್ದದ ಮಾದರಿ, ಹೊಸ ಬಣ್ಣ, ಬಾಲದ ಮೇಲೆ ಹೊಸ ಗುರುತು. ಎಲ್ಲ ಊರುಗಳ ಕಚೇರಿಗೂ ಕಿಟಕಿಯಲ್ಲಿಡಲು ಮುಖ್ಯ ಕಚೇರಿ ಕಳಿಸುತ್ತಿರುವುದಾಗಿ ಚೀಟಿಯಲ್ಲಿತ್ತು. ಯಾವುದೋ ಪಟ್ಟಿಯಿಂದ ದುಬೈಯ ಹೆಸರು ತೆಗೆಯಲು ಯಾರಿಗೋ ಮರೆತುಹೋಗಿತ್ತು. ದಾರಿಯಲ್ಲಿ ಅದನ್ನು ಎತ್ತಿ ನಿಲ್ಲಿಸುವ ಕಾಲು ಮುರಿದಿತ್ತು.

‘ಬಿಡಿ ರವೂಫಾಕ. ಯಾರಿಗೆ ಇನ್ನು?’

‘ಬಂದ ಸಾಮಾನು ಕಿಟಕಿಯಲ್ಲಿಡುವುದು ನನ್ನ ಕೆಲ್ಸ. ಇವತ್ತಿನ ಸಂಬಳ ಉಂಟಲ್ಲ ನನಗೆ.’ ಎರಡು ಟ್ಯೂಬಿನ ಗೋಂದನ್ನು ಬೆರೆಸಿ ಮುರಿದ ಕಡೆಗೆ ಹಚ್ಚಿದ. ವಿಮಾನವನ್ನು ಕಿಟಕಿಯ ಎತ್ತರದ ಪೀಠದ ಮೇಲೆ ಕೂರಿಸಿ, ಎರಡೂ ಕೈಗಳನ್ನು ರೆಕ್ಕೆಗಳ ಕೆಳಗೆ ಇಟ್ಟು ಹಿಡಿಯುವಂತೆ ಅವಳಿಗೆ ಹೇಳಿದ. ‘ಹೀಗೆ ಹಿಡ್ಕೊಳ್ಳಿ. ಹದಿನೈದು ನಿಮಿಷ ಅಲ್ಲಾಡಿಸ್ಬಾರ್ದು, ಆಯ್ತಾ. ಬಾಂಗ್ ಆಯ್ತು, ನಾನು ನಮಾಜ್ ಮುಗಿಸಿ ಬರ್ತೇನೆ.’

ಅವನು ಹೋದ. ಹೋಗುವಾಗ ಅವಳ ಕಡೆ ನೋಡಲಿಲ್ಲ.

ಅವಳು ಎರಡೂ ಕೈ ಎತ್ತಿ ವಿಮಾನವನ್ನು ಹಿಡಿದುಕೊಂಡು ನಿಂತಳು. ಅದು ಅಷ್ಟು ಹಗುರವೆಂದು ಅನ್ನಿಸಿರಲಿಲ್ಲ. ಕಣ್ಣಿನ ನೇರಕ್ಕೆ ವಿಮಾನದ ಕಿಟಕಿಗಳ ಸಾಲು, ಒಂದೊಂದೂ ಕಪ್ಪು ಬಣ್ಣದ ಚುಕ್ಕೆ. ಬಾಗಿಲುಗಳನ್ನೂ ಗೆರೆ ಎಳೆದು ತೋರಿಸಿದ್ದರು.

ಕೌಂಟರಿನ ಮೇಲೆ ಅವಳ ಫೋನು ಬಡಿದುಕೊಳ್ಳತೊಡಗಿತು. ಗುಣಪಾಲ. ಗೋಡೆಯ ಗಡಿಯಾರದಲ್ಲಿ ಆರು ಹದಿನಾಲ್ಕು. ನಿಂತಿತು. ಮತ್ತೆ ಶುರುವಾಯಿತು. ಮೂರು ಹೆಜ್ಜೆ ಅಷ್ಟೇ ದೂರ.

ಹೊರಗೆ ನೈಫ್‌ನ ಬೀದಿಯಲ್ಲಿ ದೀಪಗಳು ಹತ್ತಿದ್ದವು. ಪಟ್ಟೆಪಟ್ಟೆಯ ಫ್ರಾಕು ತೊಟ್ಟ ಸಣ್ಣ ಹುಡುಗಿಯೊಬ್ಬಳು ತಾಯಿಯ ಕೈ ಬಿಡಿಸಿಕೊಂಡು ಬಂದು ಗಾಜಿಗೆ ಹಣೆ ಒತ್ತಿದಳು. ವಿಮಾನವನ್ನು ನೋಡಿದಳು, ಅದನ್ನು ಎತ್ತಿ ಹಿಡಿದ ಹೆಂಗಸನ್ನು ನೋಡಿದಳು. ತಾಯಿ ಕರೆದಳು, ಎಳೆದಳು. ಹುಡುಗಿ ಕದಲಲಿಲ್ಲ. ಕೈ ಎತ್ತಿ ಟಾಟಾ ಮಾಡಿದಳು. ಆಮೇಲೆ, ಎತ್ತಿದ ಕೈಯನ್ನು ಹಾಗೆಯೇ ಎತ್ತಿಟ್ಟುಕೊಂಡು, ಅದು ಹಾರುವುದನ್ನು ಕಾಯುತ್ತಾ ನಿಂತಳು.