ಪುಟ್ಟಿಗೊಂದು ಮೂಲೆ

ಬಿಸಿಲಿಗೆ ಹರವಿ ಒಳಗೆ ತಂದ ಹಳೆಯ ಹೊದಿಕೆಯ ವಾಸನೆ ಬಂದರೆ ಶಿಸ್ತಮ್ಮನಿಗೆ ಈಗಲೂ ಅಜ್ಜಿಯ ಮಂಚದ ಕೆಳಗಿನ ಜಾಗ ನೆನಪಾಗುತ್ತದೆ. ಚಿಕ್ಕವರಿದ್ದಾಗ ಬೈಸಿಕೊಂಡ ದಿನ ಅಲ್ಲಿಗೆ ನುಸುಳಿ, ಹೊದಿಕೆಗೆ ಮೂಗು ಒತ್ತಿ ಮಲಗಿಬಿಡುತ್ತಿದ್ದರು. ಆದರೆ ಅವರೇ ನೋಡಿಕೊಳ್ಳುತ್ತಿದ್ದ ಶಿಶುಪಾಲನಾ ಕೇಂದ್ರದಲ್ಲಿ ಇದ್ದದ್ದು ಫಿನಾಯಿಲ್ ವಾಸನೆ ಒಂದೇ.

ಹೊಲಿಗೆ ಕಾರ್ಖಾನೆಯ ಹಿಂಬದಿಯ ಕೋಣೆ ಅದು. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಗೊಂಬೆಗಳು ಹಾಳಾಗಬಾರದೆಂದು ಬೀಗ ಹಾಕಿದ ಗಾಜಿನ ಬೀರುವಿನೊಳಗೆ ಕುಳಿತಿದ್ದವು. ಗೋಡೆಯ ಚಿತ್ರಗಳು ತಪಾಸಣೆಗೆ ಬರುವವರ ಕಣ್ಣಿನ ಎತ್ತರಕ್ಕೆ. ಮಕ್ಕಳು ಸಾಲಾಗಿ, ಗೋಡೆಗೆ ಒರಗಿ. ಹೊಲಿಗೆಯ ಹೆಂಗಸರು ಅವರಿಗೆ ಶಿಸ್ತಮ್ಮ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಎರಡೂವರೆ ವರ್ಷದ ಪುಟ್ಟಿ ಸೇರಿ ಒಂಬತ್ತು ದಿನವಾಗಿತ್ತು. ಒಂಬತ್ತು ದಿನವೂ ತಟ್ಟೆ ಮುಟ್ಟಿರಲಿಲ್ಲ. ಅತ್ತು ಅತ್ತು ಸುಸ್ತಾದಾಗ, ಒಳಗೆ ಕಾಲರ್ ಹೊಲಿಯುವ ಅವಳ ತಾಯಿಗೆ ಕರೆ ಹೋಗುತ್ತಿತ್ತು.

"ಅಮ್ಮಾ, ಇನ್ನೊಂದು ಸಲ ಮೆಷಿನ್ ಬಿಟ್ಟು ಎದ್ರೆ ನಾಳೆಯಿಂದ ಬರ್ಬೇಡ ಅಂದಿದ್ದಾರೆ ಸೂಪರ್‌ವೈಸರ್. ಇವತ್ತೊಂದು ದಿನ ಹೇಗಾದ್ರೂ ಸುಧಾರಿಸಿ," ಎಂದಳು ತಾಯಿ, ಆ ಬೆಳಿಗ್ಗೆ.

"ಮುದ್ದು ಮಾಡಿ ತಲೆ ಮೇಲೆ ಕೂರಿಸ್ಕೊಂಡಿದ್ದೀಯ. ಈ ಕೊಳಕು ಶಾಲು ಬೇರೆ!"

"ಅದು ನನ್ನದು. ಅದಿಲ್ದೆ ಅವಳು ಮಲಗಲ್ಲ."

"ಅಭ್ಯಾಸ ಆಗುತ್ತೆ, ನೀನು ನಡಿ."

ತಾಯಿ ಹೋದ ಮೇಲೆ ಶಿಸ್ತಮ್ಮ ಶಾಲನ್ನು ಕಿತ್ತುಕೊಂಡು, ಬಚ್ಚಲ ಪಕ್ಕದ ಗೂಡಿಗೆ ಎಸೆದರು. ಪೊರಕೆ, ನೆಲ ಒರೆಸುವ ಬಟ್ಟೆ ಇಡುವ ಗೂಡು ಅದು. ಪುಟ್ಟಿ ಅಳಲಿಲ್ಲ. ಗೂಡಿನ ಬಾಗಿಲನ್ನೇ ನೋಡುತ್ತಾ ಕುಳಿತಳು.

ಮಧ್ಯಾಹ್ನ ಊಟಕ್ಕೆ ಹದಿಮೂರು ತಟ್ಟೆ ಇಟ್ಟರು. ಮಕ್ಕಳು ಹನ್ನೆರಡೇ ಇದ್ದರು.

ಶಿಸ್ತಮ್ಮ ಬಾಗಿಲಿಗೆ ಓಡಿದರು. ಹೊರಗೆ ಬಟ್ಟೆಯ ಮೂಟೆ ಹೊತ್ತ ಲಾರಿ ಹಿಂದಕ್ಕೆ ಬರುತ್ತಿತ್ತು, ದೊಡ್ಡ ಗೇಟು ಹಾರುಹೊಡೆದಿತ್ತು. "ಪುಟ್ಟೀ! ಏ ಪುಟ್ಟೀ!" ಅಂಗಳ, ಮೆಟ್ಟಿಲು, ಲಾರಿಯ ಅಡಿ, ಎಲ್ಲೂ ಇಲ್ಲ. ಮಕ್ಕಳ ತೂಕ ನೋಡಲು ಬಂದಿದ್ದ ನರ್ಸ್ ಶಿಸ್ತಮ್ಮನ ತೋಳು ಹಿಡಿದು ನಿಲ್ಲಿಸಿದರು.

"ಕೂಗ್ಬೇಡಿ ಅಕ್ಕ. ಹೆದರಿದ್ರೆ ಇನ್ನೂ ಒಳಗೆ ಸೇರ್ಕೋತಾಳೆ."

ನರ್ಸ್ ಮಂಡಿಯೂರಿ, ಮಗುವಿನ ಎತ್ತರಕ್ಕೆ ಬಗ್ಗಿ ಸುತ್ತ ನೋಡಿದರು. ಗೂಡಿನ ಬಾಗಿಲು ಬೆರಳಷ್ಟು ತೆರೆದಿತ್ತು.

ಒಳಗೆ ಪುಟ್ಟಿ ಶಾಲು ಸುತ್ತಿಕೊಂಡು ಮುದುಡಿದ್ದಳು. ಅವಳ ಕಾಲ ಬಳಿ ಫಿನಾಯಿಲ್ ಡಬ್ಬ, ಮುಚ್ಚಳ ಪಕ್ಕದಲ್ಲಿ. ನರ್ಸ್ ಅವಳ ಬಾಯಿ ಮೂಸಿದರು, ಅಂಗೈ ಮೂಸಿದರು, ಡಬ್ಬವನ್ನು ಎತ್ತಿ ನೋಡಿದರು.

"ಕುಡಿದಿಲ್ಲ. ಮುಚ್ಚಳ ಯಾರು ತೆಗೆದದ್ದು?"

"ನಾನೇ. ಬೆಳಿಗ್ಗೆ ಮುಚ್ಚೋದು ಮರೆತೆ." ಶಿಸ್ತಮ್ಮ ಡಬ್ಬಕ್ಕೆ ಮುಚ್ಚಳ ಒತ್ತಿದರು. "ಅಷ್ಟು ಚೆನ್ನಾಗಿರೋ ಕೋಣೆ ಬಿಟ್ಟು ಈ ಗಬ್ಬು ಗೂಡಿಗೆ ಯಾಕೆ ಬಂದ್ಲು?"

"ಸ್ವಲ್ಪ ನೆಲದ ಮೇಲೆ ಕೂತ್ಕೊಳ್ಳಿ, ಗೊತ್ತಾಗುತ್ತೆ."

"ನನ್ನ ಮಂಡಿ ಒಪ್ಪಬೇಕಲ್ಲ!"

"ಮಂಡಿಗೆ ನಾನು ಹೇಳ್ತೀನಿ, ಕೂತ್ಕೊಳ್ಳಿ."

ಕುಳಿತರು. ಮೇಜಿನ ಕಾಲುಗಳು. ಬೀರುವಿನ ಬೀಗ. ಕಣ್ಣಿಗೆ ಚುಚ್ಚುವ ಟ್ಯೂಬ್‌ಲೈಟು. ಮೇಲಿನ ಚಿತ್ರದಲ್ಲಿ ಆನೆ ಕಾಣಲಿಲ್ಲ, ಕಾಗದದ ಹೊಳಪಷ್ಟೇ ಕಂಡಿತು.

"ಹೆದರಿದ ಮಗುಗೆ ಮೈ ಮುದುಡಿ ಕೂರೋಕೆ ಮೆತ್ತನೆ ಜಾಗ ಬೇಕು ಅಕ್ಕ. ನಾವು ಕೊಡದಿದ್ರೆ ಅವರೇ ಹುಡುಕ್ಕೋತಾರೆ."

"ಮೂಲೆ ಕೊಟ್ರೆ ಅಲ್ಲೇ ಬಿದ್ದಿರ್ತವೆ. ತಪಾಸಣೆಯವರು ಇದೇನು ಗುಜರಿ ಅಂಗಡಿನಾ ಅಂತಾರೆ."

"ಈ ಡಬ್ಬ ನೋಡಿದ್ರೆ ಏನಂತಾರೆ?"

ನರ್ಸ್ ಪುಟ್ಟಿಯನ್ನು ಎತ್ತಿಕೊಂಡರು. ಜಾರಿ ಮಡಿಲಿಗೆ ಬಿದ್ದ ಶಾಲನ್ನು ಶಿಸ್ತಮ್ಮ ಮೂಗಿಗೆ ಒತ್ತಿಕೊಂಡರು. ಬಿಸಿಲು, ಹಳೆಯ ಹತ್ತಿ, ಯಾರದೋ ಮೈಯ ಬಿಸುಪು. ಅಜ್ಜಿ ಆ ಮಂಚದ ಕೆಳಗಿನಿಂದ ತಮ್ಮನ್ನು ಎಂದೂ ಎಳೆದು ಹಾಕಿರಲಿಲ್ಲ.

ತಲೆ ಎತ್ತಿದರೆ ಬಾಗಿಲಲ್ಲಿ ತಾಯಿ. ಕೂಗು ಕೇಳಿ ಮೆಷಿನ್ ಬಿಟ್ಟು ಓಡಿಬಂದಿದ್ದಳು.

"ಕೆಲಸ ಹೋದ್ರೆ ಹೋಗ್ಲಿ," ಎಂದಳು, ಮಗುವನ್ನು ಬಾಚಿಕೊಂಡು. "ನಾಳೆಯಿಂದ ಕರ್ಕೊಂಡು ಬರಲ್ಲ."

"ತಪ್ಪು ನಂದು ಮಗಳೇ. ಸೂಪರ್‌ವೈಸರ್‌ಗೆ ನಾನೇ ಹೇಳ್ತೀನಿ. ನಾಳೆ ಒಂದು ದಿನ ಕೊಡು."

ಹೇಳಿದಂತೆ ಹೋಗಿ, ತಲೆ ತಗ್ಗಿಸಿ ಹೇಳಿದರು. ಸೂಪರ್‌ವೈಸರ್ ಗೊಣಗಿ, ಇದೊಂದು ಸಲ ಎಂದರು.

ಸಂಜೆ ಫಿನಾಯಿಲ್ ಬೀಗದೊಳಗೆ ಹೋಯಿತು, ಗೊಂಬೆಗಳು ಹೊರಗೆ ಬಂದವು. ಆನೆ ನೆಲದಿಂದ ಎರಡಡಿಗೆ ಇಳಿಯಿತು. ಕಿಟಕಿಯ ಪಕ್ಕದ ಮೂಲೆಗೆ ಚಾಪೆ, ಕತ್ತರಿಸಿ ಉಳಿದ ಬಟ್ಟೆ ತುಂಬಿದ ದಿಂಬು, ಅರ್ಧ ಎತ್ತರದ ಪರದೆ. ದೊಡ್ಡವರು ನಿಂತರೆ ಒಳಗಿರುವ ಮಗು ಕಾಣಬೇಕು, ಮಗುವಿಗೆ ಮಾತ್ರ ಮರೆಯಾಗಿದ್ದೇನೆ ಅನ್ನಿಸಬೇಕು. ಖರ್ಚೇನೂ ಆಗಲಿಲ್ಲ, ಶಿಸ್ತಮ್ಮನ ಮಂಡಿ ನೋವೊಂದೇ.

ಇದನ್ನು ಓದುತ್ತಿರುವವರೇ, ನಿಮ್ಮ ಮಗುವನ್ನು ಬಿಡುವ ಕೋಣೆಗೆ ಹೋಗಿ ಒಮ್ಮೆ ನೆಲದ ಮೇಲೆ ಕುಳಿತು ನೋಡಿ. ಕೈಗೆ ಸಿಗುವ ಗೊಂಬೆ ಇದೆಯೇ? ಕೈಗೆ ಸಿಗಬಾರದ್ದು ಬೀಗದೊಳಗಿದೆಯೇ? ಮುಖ ಮುಚ್ಚಿಕೊಳ್ಳಲು ಒಂದು ಮೂಲೆ, ಮನೆಯ ವಾಸನೆಯ ಒಂದು ತುಂಡು ಬಟ್ಟೆ ಇದೆಯೇ? ಇಲ್ಲವಾದರೆ ಕೇಳಿ. ಕೇಳಿ ಸುಮ್ಮನಾಗಬೇಡಿ, ನೀವೂ ಒಂದು ದಿಂಬು ಹೊಲಿದು ಕೊಡಿ.

ಮರುದಿನ ಪುಟ್ಟಿ ಬಂದಳು. ಶಾಲಿನೊಂದಿಗೆ ನೇರ ಪರದೆಯ ಹಿಂದೆ ಹೋದಳು. ಊಟದ ಹೊತ್ತಾದರೂ ಹೊರಗೆ ಬರಲಿಲ್ಲ. ಶಿಸ್ತಮ್ಮ ಬಾ ಎನ್ನಲಿಲ್ಲ, ತಿನ್ನು ಎನ್ನಲಿಲ್ಲ. ನೆಲದ ಮೇಲೆ ಕುಳಿತು, ಪರದೆಯ ಸಂದಿಯಿಂದ ತಟ್ಟೆಯನ್ನು ಒಳಗೆ ಚಾಚಿ, ಹಾಗೇ ಹಿಡಿದುಕೊಂಡಿದ್ದರು. ತುಂಬ ಹೊತ್ತಾದ ಮೇಲೆ ಎರಡು ಪುಟ್ಟ ಕೈಗಳು ಬಂದು ಅದನ್ನು ತೆಗೆದುಕೊಂಡವು.