ಇಬ್ಬರ ಎದುರು ಒಂದು ಕುರ್ಚಿ

ಮನೆಯಲ್ಲಿ ಅವಳ ಹೆಸರೇ ಲಾಯರಮ್ಮ. ಓದಿದ್ದು ಮನಃಶಾಸ್ತ್ರ, ಹತ್ತು ವರ್ಷದಿಂದ ಮಾಡುತ್ತಿರುವುದು ಆಪ್ತಸಮಾಲೋಚನೆ. ಕರಿಕೋಟಿಗೂ ಅವಳಿಗೂ ಸಂಬಂಧವೇ ಇಲ್ಲ. ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಜಗಳಕ್ಕೆ ನಿಂತರೆ ಸಾಕು, ಸೊಂಟದ ಮೇಲೆ ಕೈಯಿಟ್ಟುಕೊಂಡು ಅಮ್ಮನ ಪರ ವಾದಕ್ಕಿಳಿಯುತ್ತಿದ್ದಳಂತೆ. ಅಣ್ಣ ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತು.

ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಗಂಡ ಹೆಂಡಿರನ್ನು ಒಟ್ಟಿಗೆ ನೋಡಬೇಕೆಂದರೆ ಬೇರೆ ತರಬೇತಿಯೇ ಬೇಕು. ಅದಕ್ಕೆ ಸೇರಿದ ದಿನ ಗಂಡ, "ಪ್ರಾಕ್ಟೀಸೆಲ್ಲ ಅಲ್ಲೇ ಮುಗಿಸ್ಕೊಂಡು ಬಾ ತಾಯಿ, ನನ್ನ ಮೇಲೆ ಬೇಡ" ಎಂದು ಕೈಮುಗಿದಿದ್ದ.

ಅಲ್ಲಿನ ಮೇಷ್ಟ್ರದು ಒಂದು ವಿಚಿತ್ರ ಪದ್ಧತಿ. ಸಮಾಲೋಚನೆಗೆ ಬಂದವರ ಒಪ್ಪಿಗೆ ಪಡೆದು ತೆಗೆದ ವಿಡಿಯೊವನ್ನು ತರಗತಿಯಲ್ಲಿ ಹಾಕುವುದು, ದನಿ ಮಾತ್ರ ಪೂರ್ತಿ ತೆಗೆದುಬಿಡುವುದು. "ಮಾತು ಎಲ್ಲರೂ ಚೆನ್ನಾಗೇ ಆಡ್ತೀರಿ. ಮೈ ಏನು ಹೇಳುತ್ತೆ ನೋಡೋಣ" ಎನ್ನುವರು.

ಅವತ್ತು ಲಾಯರಮ್ಮನ ಸರದಿ. ಪರದೆಯ ಮೇಲೆ ಒಬ್ಬ ಬಸ್ ಡ್ರೈವರ್, ಪಕ್ಕದಲ್ಲಿ ಅವನ ಹೆಂಡತಿ, ಎದುರಿಗೆ ಇವಳು. ಹೆಂಡತಿ ಕೈ ಬೀಸಿ ಬೀಸಿ ಮಾತಾಡುತ್ತಿದ್ದಾಳೆ, ಇವಳು ಮುಂದಕ್ಕೆ ಬಾಗಿ ತಲೆಯಾಡಿಸುತ್ತಿದ್ದಾಳೆ. ಮಂಡಿ, ಹೆಗಲು, ಕಣ್ಣು ಎಲ್ಲ ಹೆಂಡತಿಯ ಕಡೆಗೇ. ಟಿಶ್ಯೂ ಡಬ್ಬಿಯನ್ನೂ ಅವಳ ಮುಂದಕ್ಕೇ ತಳ್ಳಿದಳು. ಅಯ್ಯೋ ದೇವರೇ, ಹೆಂಡತಿಯ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ! ಅಳುತ್ತಿದ್ದವನು ಡ್ರೈವರ್. ಮುಖ ಕಿಟಕಿಯತ್ತ ತಿರುಗಿಸಿ, ಅಂಗಿಯ ತೋಳಿಗೆ ಕಣ್ಣೊರೆಸಿಕೊಂಡ. ಹೆಂಗಸರಿಬ್ಬರಲ್ಲಿ ಒಬ್ಬರೂ ಅತ್ತ ನೋಡಲಿಲ್ಲ.

ಲಾಯರಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ನೀವು ಹೀಗೆ ಒಂದೇ ಕಡೆ ವಾಲ್ತಿರೋದು ಇದು ಎರಡನೇ ಸಲ" ಎಂದರು ಮೇಷ್ಟ್ರು. "ಒಬ್ಬರ ವಕಾಲತ್ತು ವಹಿಸೋರಿಗೆ ನಾನು ಜೋಡಿಗಳನ್ನ ಒಪ್ಪಿಸಲ್ಲ. ಗುರುವಾರ ಅವರು ಮತ್ತೆ ಬರ್ತಾರೆ. ನಾನು ಪಕ್ಕದ ಕೋಣೇಲಿ, ಗಾಜಿನ ಆಚೆ ಕೂತು ನೋಡ್ತೀನಿ. ಆಗಲೂ ಹೀಗೇ ಆದ್ರೆ ಈ ತರಬೇತಿ ಬಿಟ್ಬಿಡಿ."

ಬಿಟ್ಟುಬಿಡುವ ಜಾಯಮಾನ ಅವಳದಲ್ಲ. ಕಲಿತೇ ತೀರುತ್ತೇನೆ ಎಂದು ಹಟ ಹಿಡಿದಳು. ಮನೆಯಲ್ಲಿ ಮಕ್ಕಳು ಕಿತ್ತಾಡಿದರೂ ಯಾರ ಪರವೂ ವಹಿಸದೆ, ಬಾಯಿಗೆ ಬೀಗ ಹಾಕಿಕೊಂಡು ಇಬ್ಬರ ಮುಖವನ್ನೂ ನೋಡುತ್ತ ಕೂತಳು. "ಅಪ್ಪಾ, ಅಮ್ಮಂಗೆ ಹುಷಾರಿಲ್ವಾ?" ಎಂದು ಮಗಳು ಗಾಬರಿಯಾದಳು.

ಗುರುವಾರ ಕುರ್ಚಿಯನ್ನು ಇಬ್ಬರಿಗೂ ಸಮನಾಗಿ ಎಳೆದಿಟ್ಟುಕೊಂಡಳು. ಅವರು ಕೂತ ಕೂಡಲೇ ಡ್ರೈವರ್‌ಗೆ ನೇರವಾಗಿ ಹೇಳಿದಳು: "ಹೋದ ಸಲ ನೀವು ಅಳ್ತಾ ಇದ್ರಿ. ನಾನು ನೋಡ್ಲೇ ಇಲ್ಲ. ತಪ್ಪು ನಂದು."

ಹೆಂಡತಿ ದುರುಗುಟ್ಟಿಕೊಂಡು ನೋಡಿದಳು. "ಓಹೋ, ಈಗ ಇವರ ಕಡೆ ಸೇರ್ಕೊಂಡ್ರಾ? ಇವರೆಲ್ಲಿ ಅಳ್ತಾರೆ! ಇವರಪ್ಪ ತೀರ್ಕೊಂಡಾಗ್ಲೂ ಅಳಲಿಲ್ಲ, ಕಲ್ಲು!" ಎನ್ನುತ್ತ ಬ್ಯಾಗು ಹೆಗಲಿಗೇರಿಸಿ ಎದ್ದುನಿಂತಳು.

ಹಳೆಯ ಲಾಯರಮ್ಮನಾಗಿದ್ದರೆ ಇಷ್ಟೊತ್ತಿಗೆ ಅವಳನ್ನು ಓಲೈಸಿ ಕೂರಿಸಿ, ಅವನ ಮೇಲೊಂದು ತಪ್ಪು ಹೊರಿಸಿ ಆಗಿರುತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. "ಹೋಗೋದಾದ್ರೆ ನಾನು ತಡೆಯಲ್ಲ. ಆದ್ರೆ ಆ ಮಾತು ನನಗೆ ಹೇಳ್ಬೇಡಿ, ಅವರನ್ನೇ ಕೇಳಿ" ಎಂದಳು.

ಹೆಂಡತಿ ನಿಂತಲ್ಲಿಂದಲೇ ಗಂಡನ ಕಡೆ ತಿರುಗಿದಳು. "ಅತ್ತಿದ್ರಾ?"

"ಅಪ್ಪ ಹೋದಾಗ್ಲೂ ಅತ್ತಿದ್ದೆ ಕಣೆ" ಎಂದ ಡ್ರೈವರ್, ನೆಲ ನೋಡುತ್ತ. "ಬಚ್ಚಲಲ್ಲಿ. ನಲ್ಲಿ ಬಿಟ್ಕೊಂಡು."

ಲಾಯರಮ್ಮನ ಬಾಯಲ್ಲಿ ಹತ್ತು ಮಾತು ತಯಾರಾಗಿ ನಿಂತವು. ಒಂದನ್ನೂ ಹೊರಬಿಡಲಿಲ್ಲ. ಬೆರಳು ಬಿಗಿಯಾಗಿ ಹೆಣೆದುಕೊಂಡು, ಪಾದ ನೆಲಕ್ಕೂರಿ, ಅಲ್ಲಾಡದೆ ಕೂತಳು.

ಹೆಂಡತಿಯ ಬ್ಯಾಗು ಜಾರಿ ಕೆಳಗೆ ಬಿತ್ತು. "ನೀರು ಪೋಲು ಮಾಡ್ತೀರಿ ಅಂತ ಬಾಗಿಲು ಬಡಿದು ಬೈದೆನಲ್ರೀ ಅವತ್ತು..." ಎನ್ನುತ್ತ ಅವನ ಪಕ್ಕದಲ್ಲಿ ಕುಸಿದು ಕೂತಳು. ಆಮೇಲೆ ಅವರಿಬ್ಬರೂ ಒಬ್ಬರಿಗೊಬ್ಬರು ಆಡಿಕೊಂಡ ಮಾತಿನ ನಡುವೆ ಲಾಯರಮ್ಮ ಇದ್ದಾಳೆಂಬುದು ಯಾರಿಗೂ ನೆನಪಿರಲಿಲ್ಲ.

ಅವರು ಹೋದ ಮೇಲೆ ಮೇಷ್ಟ್ರು ಒಳಗೆ ಬಂದರು. "ಮುಂದಿನ ಗುರುವಾರ ಗಾಜಿನ ಆಚೆ ಯಾರೂ ಕೂರಲ್ಲ. ಅವರಿಬ್ಬರೂ ಇನ್ನು ನಿಮ್ಮ ಜವಾಬ್ದಾರಿ" ಎಂದರು.

ಅಷ್ಟು ಹೊತ್ತು ಹಲ್ಲು ಕಚ್ಚಿ ತಡೆದಿಟ್ಟಿದ್ದ ಅಳು ಆಗ ಒತ್ತರಿಸಿಕೊಂಡು ಬಂತು. ಲಾಯರಮ್ಮ ಮುಖ ತಿರುಗಿಸಿಕೊಳ್ಳದೆ ಮೇಷ್ಟ್ರ ಎದುರಿಗೇ ಅತ್ತಳು.